ಖಾಯಂ ವಿಳಾಸ

ಪ್ರತಿ ವರ್ಷ ಪ್ರವೇಶದ ದಿನಗಳಲ್ಲಿ ನಮ್ಮ ಕಾಲೇಜಿನ ಪಡಸಾಲೆಯಲ್ಲಿ ನಾಲ್ಕು ಮೇಜುಗಳನ್ನು ಹಾಕಿ, ಅಧ್ಯಾಪಕರಾದ ನಮ್ಮನ್ನು ಅರ್ಜಿಗಳ ಪರಿಶೀಲನೆಗೆ ಕೂಡಿಸುವುದು ವಾಡಿಕೆ. ಹಳಗನ್ನಡ ಕಲಿಸುವವನಿಗೂ ಗಣಿತ ಕಲಿಸುವವನಿಗೂ ಅಲ್ಲಿ ಒಂದೇ ಕೆಲಸ: ಖಾಲಿ ಬಿಟ್ಟ ಕಾಲಂಗಳನ್ನು ಹುಡುಕುವುದು, ವಿದ್ಯಾರ್ಥಿಯಿಂದ ತುಂಬಿಸುವುದು. ಕೆಲವು ವರ್ಷಗಳ ಹಿಂದೆ ಹೀಗೆಯೇ ಕುಳಿತಿದ್ದಾಗ ಒಬ್ಬ ಹುಡುಗಿಯ ಅರ್ಜಿ ನನ್ನ ಕೈಗೆ ಬಂದಿತು. ದುಂಡನೆಯ ಅಕ್ಷರ, ಎಲ್ಲವೂ ಅಚ್ಚುಕಟ್ಟು. 'ಈಗಿನ ವಿಳಾಸ' ಎಂಬಲ್ಲಿ ಬೈಲಕುಪ್ಪೆಯ ಒಂದು ಕ್ಯಾಂಪಿನ ಹೆಸರೂ ಮನೆಯ ಸಂಖ್ಯೆಯೂ ಇದ್ದವು. ಅದರ ಕೆಳಗಿನ 'ಖಾಯಂ ವಿಳಾಸ' ಎಂಬುದು ಮಾತ್ರ ಬರಿದಾಗಿದ್ದಿತು.

"ಇದನ್ನೇಕಮ್ಮ ಬಿಟ್ಟೆ?" ಎಂದೆ.

ಆಕೆ ಟಿಬೆಟಿನ ಹುಡುಗಿ. ಬಾಲ್ಯದಲ್ಲಿ ಪಕ್ಕದ ಹಳ್ಳಿಯ ಶಾಲೆಯಲ್ಲಿ ಓದಿದವಳಾದುದರಿಂದ ನಮ್ಮ ಪಿರಿಯಾಪಟ್ಟಣದ ಕಡೆಯ ಕನ್ನಡ ಅವಳ ನಾಲಿಗೆಯಲ್ಲಿ ಸಹಜವಾಗಿದ್ದಿತು. "ಅಲ್ಲಿ ಏನು ಬರೀಬೇಕು ಅಂತ ಗೊತ್ತಾಗಲಿಲ್ಲ ಸಾರ್" ಎಂದಳು.

ಹಿಂದೆ ಸಾಲು ಉದ್ದವಾಗಿ ಬೆಳೆದಿದ್ದಿತು. ನಾನು ಲೇಖನಿಯನ್ನು ತೆಗೆದುಕೊಂಡು ಆ ಜಾಗದಲ್ಲಿ 'ಮೇಲಿನಂತೆ' ಎಂದು ಬರೆದು ಅರ್ಜಿಯನ್ನು ಮುಂದಿನ ಮೇಜಿಗೆ ದಾಟಿಸಿದೆ. ಹುಡುಗಿ ಒಂದು ಕ್ಷಣ ಆ ಪದವನ್ನು ನೋಡಿದಳು; ಏನನ್ನೂ ಹೇಳದೆ ನಡೆದಳು.

ಆ ಒಂದು ಪದವನ್ನು ಬರೆಯುವ ಅಧಿಕಾರ ನನಗೆ ಇದ್ದಿತೆ? ಈ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಮನೆಮಠ ತೊರೆದು ಬಂದವನಿಗೆ ಸರಕಾರ ಒಂದು ಸೂರನ್ನು ಕೊಡಬಲ್ಲುದು. ಆ ಸೂರು ಎಷ್ಟು ವರ್ಷಕ್ಕೆ, ಯಾವ ಕಾರಣದಿಂದ ಅವನ ಮನೆಯಾಗುತ್ತದೆ? ನಾನು ಇತಿಹಾಸಕಾರನಲ್ಲ, ಕಾಯಿದೆ ಬಲ್ಲವನೂ ಅಲ್ಲ. ಆದರೆ ಬೈಲಕುಪ್ಪೆ ನನ್ನ ಹುಟ್ಟೂರಿನ ನೆರೆಯೂರು. ನೆರೆಯವನಿಗೆ ತಿಳಿದಷ್ಟನ್ನು ಓದುಗರ ಮುಂದೆ ಇಡುವುದು ತಪ್ಪಾಗಲಾರದು.

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ, ಕುಶಾಲನಗರ ಇನ್ನೇನು ಬಂದಿತು ಎನ್ನುವಾಗ, ಎಡಬಲಗಳಲ್ಲಿ ಬಣ್ಣಬಣ್ಣದ ಪ್ರಾರ್ಥನೆಯ ಪತಾಕೆಗಳು ಕಾಣಿಸುತ್ತವೆ. ಪ್ರವಾಸಿಗಳು ಅಲ್ಲಿಳಿದು ನಾಮ್‌ಡ್ರೋಲಿಂಗ್ ಮಠದ ಬಂಗಾರದ ಬುದ್ಧಮೂರ್ತಿಗಳನ್ನು ನೋಡಿ, ಚಿತ್ರ ತೆಗೆದುಕೊಂಡು, ಹಬೆಯಲ್ಲಿ ಬೇಯಿಸಿದ ಮೊಮೊ ತಿಂದು ಹೊರಡುತ್ತಾರೆ. ಮಠದ ಹಿಂದಿರುವ ಹೊಲಗಳನ್ನೂ ಹೆಂಚಿನ ಮನೆಗಳ ಸಾಲುಗಳನ್ನೂ ನೋಡುವವರು ಕಡಮೆ. ನಿಜವಾದ ಕಥೆ ಇರುವುದು ಆ ಹೊಲಗಳಲ್ಲಿ.

1959ರ ಮಾರ್ಚಿಯಲ್ಲಿ ಲ್ಹಾಸಾ ನಗರದಲ್ಲಿ ಚೀನದ ಆಳ್ವಿಕೆಯ ವಿರುದ್ಧ ದಂಗೆ ಎದ್ದಿತು. ದಲಾಯಿ ಲಾಮಾ ಅವರು ರಾತ್ರಿಯಲ್ಲಿ ಅರಮನೆಯನ್ನು ಬಿಟ್ಟು, ಹಿಮದ ಕಣಿವೆಗಳನ್ನು ದಾಟಿ, ಆ ತಿಂಗಳ ಕೊನೆಯಲ್ಲಿ ಭಾರತದ ಗಡಿಯನ್ನು ಸೇರಿದರು. ನೆಹರೂ ಅವರ ಸರಕಾರ ಆಶ್ರಯ ನೀಡಿತು. ಅವರ ಬೆನ್ನ ಹಿಂದೆ ಬಂದವರ ಸಂಖ್ಯೆ ಸುಮಾರು 80,000 ಎನ್ನುತ್ತಾರೆ. ಒಬ್ಬ ಅತಿಥಿಗೆ ಬಾಗಿಲು ತೆರೆಯುವುದು ಸುಲಭ. ಅವನ ಹಿಂದೆ ಇಡೀ ಊರೇ ನಿಂತಿದ್ದರೆ ಮನೆಯೊಡೆಯನ ಪಾಡೇನು? ದೇಶವಿಭಜನೆಯ ಗಾಯ ಇನ್ನೂ ಮಾಯದಿದ್ದ, ಅನ್ನಕ್ಕಾಗಿ ಹೊರದೇಶದ ಗೋಧಿಯ ಹಡಗುಗಳನ್ನು ಎದುರುನೋಡುತ್ತಿದ್ದ ದೇಶ ನಮ್ಮದು ಆಗ.

ಮೊದಲು ಕಟ್ಟಿದ್ದು ಬಿಡಾರಗಳನ್ನು. ಅಸ್ಸಾಮಿನ ತೇಜಪುರದ ಬಳಿ ಮಿಸ್ಸಾಮಾರಿ ಎಂಬಲ್ಲಿ ಬಿದಿರಿನ ಉದ್ದುದ್ದ ಗುಡಿಸಲುಗಳು ಎದ್ದವು. ಭಿಕ್ಷುಗಳಲ್ಲಿ ಅನೇಕರನ್ನು ಬಂಗಾಳದ ಬಕ್ಸಾ ಕೋಟೆಗೆ ಕಳುಹಿಸಿದರು. ಬ್ರಿಟಿಷರು ನಮ್ಮ ಸ್ವಾತಂತ್ರ್ಯಯೋಧರನ್ನು ಕೂಡಿಹಾಕಿದ್ದ ಸೆರೆಮನೆ ಅದು. ಅದೇ ಈಗ ಮಠವಾಯಿತು. ಉದ್ದೇಶ ಒಳ್ಳೆಯದೇ. ಆದರೆ ಹನ್ನೆರಡು ಸಾವಿರ ಅಡಿ ಎತ್ತರದ ಚಳಿಯಲ್ಲಿ ಹುಟ್ಟಿ ಬೆಳೆದವರು, ಉಣ್ಣೆಯ ದಪ್ಪ ನಿಲುವಂಗಿಯನ್ನು ತೊಟ್ಟವರು, ಅಸ್ಸಾಮಿನ ಬೇಸಗೆಯ ಬೇಗೆಗೆ ಹೇಗೆ ತಾಳಿಯಾರು? ಜ್ವರ ಬಂದಿತು, ಕ್ಷಯ ಬಂದಿತು. ಎಷ್ಟೋ ಮಂದಿ ಆ ಬಿದಿರಿನ ಸೂರಿನ ಕೆಳಗೆಯೇ ಕಣ್ಣು ಮುಚ್ಚಿದರು. ಉಳಿದವರಲ್ಲಿ ಸಾವಿರಾರು ಜನ ಹಿಮಾಲಯದ ತಪ್ಪಲಿನ ರಸ್ತೆಯ ಕೆಲಸಕ್ಕೆ ಹೋದರು. ಅಲ್ಲಿ ಹವೆಯೇನೋ ತಂಪು. ಆದರೆ ಕಲ್ಲು ಒಡೆಯುವ ಕೆಲಸ, ಬಟ್ಟೆಯ ಡೇರೆ, ರಸ್ತೆ ಮುಂದೆ ಸಾಗಿದಂತೆ ಡೇರೆಯೂ ಮುಂದೆ ಸಾಗಬೇಕು. ಮಕ್ಕಳು ರಸ್ತೆಯ ಬದಿಯಲ್ಲೇ ಬೆಳೆದರು.

ಇದು ವಸತಿಯಲ್ಲ ಎಂಬುದು ದೆಹಲಿಗೆ ಅರಿವಾಗಿರಬೇಕು. ಇವರನ್ನು ಒಂದೆಡೆ ನೆಲೆಗೊಳಿಸಲು ಭೂಮಿ ಕೊಡಬಲ್ಲಿರಾ ಎಂದು ನೆಹರೂ ಅವರು ರಾಜ್ಯಗಳನ್ನು ಕೇಳಿದರು. ಮೊದಲಿಗರಾಗಿ ಮುಂದೆ ಬಂದವರಲ್ಲಿ ನಮ್ಮ ಮೈಸೂರು ರಾಜ್ಯವೂ ಒಂದು. ಈ ಪ್ರಸಂಗದಲ್ಲಿ ಎಲ್ಲರೂ ಎಸ್. ನಿಜಲಿಂಗಪ್ಪನವರ ಹೆಸರನ್ನು ಹೇಳುತ್ತಾರೆ. ದಲಾಯಿ ಲಾಮಾ ಅವರೂ ಅವರನ್ನು ಕೃತಜ್ಞತೆಯಿಂದ ಸ್ಮರಿಸುತ್ತ ಬಂದಿದ್ದಾರೆ. ಅದು ನ್ಯಾಯವೇ. ಆದರೆ ಬೈಲಕುಪ್ಪೆಗೆ ಮೊದಲ ತಂಡ ಬಂದ 1960ರಲ್ಲಿ ಮುಖ್ಯಮಂತ್ರಿಗಳಾಗಿದ್ದವರು ಬಿ. ಡಿ. ಜತ್ತಿಯವರು ಎಂಬುದನ್ನೂ ನೆನೆಯಬೇಕು. ಮುಂಡಗೋಡಿನ ವಸತಿ ಆರಂಭವಾದ 1966ರಲ್ಲಿ ಆ ಸ್ಥಾನದಲ್ಲಿ ನಿಜಲಿಂಗಪ್ಪನವರಿದ್ದರು. ಮುಂದೆ ಬೈಲಕುಪ್ಪೆಯಲ್ಲಿಯೇ ಇನ್ನೊಂದು ವಸತಿ, ಹುಣಸೂರಿನ ಬಳಿ ಒಂದು, ಕೊಳ್ಳೇಗಾಲದ ಒಡೆಯರಪಾಳ್ಯದಲ್ಲಿ ಒಂದು, ಹೀಗೆ ಐದು ವಸತಿಗಳು ಕನ್ನಡನಾಡಿನಲ್ಲಿ ನೆಲೆಗೊಂಡವು.

ಕೊಟ್ಟ ಭೂಮಿ ಸುಮಾರು 3,000 ಎಕರೆ. 'ಭೂಮಿ' ಎಂದರೆ ಉತ್ತು ಬಿತ್ತಿದ ಹೊಲವಲ್ಲ, ದಟ್ಟವಾದ ಕಾಡು. ಬಂದವರು ಡೇರೆಗಳಲ್ಲಿಯೂ ಬಿದಿರಿನ ತಟ್ಟಿಗಳ ನಡುವೆಯೂ ಮಲಗಿ, ಮರ ಕಡಿದು, ಬೇರು ಕಿತ್ತು, ಪೊದೆಗಳಿಗೆ ಬೆಂಕಿಯಿಟ್ಟು ನೆಲವನ್ನು ಹಸನು ಮಾಡಬೇಕಾಯಿತು. ತಲೆಗೆ ಒಂದು ಎಕರೆಯಂತೆ ಜಮೀನನ್ನು ಹಂಚಿದರು. ಹಳ್ಳಿಗಳ ಮಾದರಿಯಲ್ಲಿ ಮನೆಗಳ ಗುಂಪುಗಳು ಎದ್ದವು. ಪ್ರತಿ ಗುಂಪಿಗೂ 'ಕ್ಯಾಂಪು' ಎಂದು ಹೆಸರು. ಮುಸುಕಿನ ಜೋಳ ಅವರ ಮುಖ್ಯ ಬೆಳೆಯಾಯಿತು. ಸಹಕಾರ ಸಂಘ ಬಂದಿತು. ಶಾಲೆ, ಆಸ್ಪತ್ರೆ, ಮಠಗಳು ಬಂದವು.

ಇಲ್ಲಿ ನನ್ನ ಅಜ್ಜನ ಮಾತನ್ನು ಹೇಳದಿದ್ದರೆ ನಾನು ಓದುಗರಿಗೆ ವಂಚನೆ ಮಾಡಿದಂತೆ. ಆ ಕಾಡು ಯಾರದೂ ಅಲ್ಲದ ಕಾಡಾಗಿರಲಿಲ್ಲ. ಅಜ್ಜನ ಪಾಲಿಗೆ ಅದು ದನ ಮೇಯುವ ಬಯಲು, ಸೌದೆ ತರುವ ಜಾಗ, ಬರಗಾಲದಲ್ಲಿ ಗೆಡ್ಡೆಗೆಣಸಿನ ಉಗ್ರಾಣ. ಅವನಿಗಿದ್ದ ಹೊಲ ಎರಡು ಎಕರೆಗಿಂತ ಕಡಮೆ. "ಹುಟ್ಟಿದೂರಿನವನಿಗೆ ಗೇಣು ನೆಲ ಇಲ್ಲ, ಹಿಮಾಲಯದಿಂದ ಬಂದವನಿಗೆ ಎಕರೆಗಟ್ಟಲೆ" ಎಂದು ಅವನು ಜಗಲಿಯ ಮೇಲೆ ಕುಳಿತು ಗೊಣಗುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಅವನ ದನಗಳು ನಾಲ್ಕರಿಂದ ಒಂದಕ್ಕೆ ಇಳಿದವು. ಆತಿಥ್ಯದ ಕೀರ್ತಿ ರಾಜಧಾನಿಗೆ ಹೋಗುತ್ತದೆ, ಅದರ ವೆಚ್ಚವನ್ನು ಮಾತ್ರ ಗಡಿಯಂಚಿನ ಬಡವ ತೆರುತ್ತಾನೆ ಎಂಬುದು ಅವನ ವಾದ. ಆ ವಾದಕ್ಕೆ ನನ್ನ ಬಳಿ ಇಂದಿಗೂ ಪೂರ್ಣವಾದ ಉತ್ತರವಿಲ್ಲ.

ಆದರೂ ಅದೇ ಅಜ್ಜ ತನ್ನ ಗಾಡಿಯಲ್ಲಿ ಆ ಮನೆಗಳಿಗೆ ಹೆಂಚು ಸಾಗಿಸಿದವನು. ಆನೆಗಳು ರಾತ್ರಿ ಬಂದು ಹೊಸ ಹೊಲಗಳನ್ನು ತುಳಿದು ಹೋಗತೊಡಗಿದಾಗ, ಮರದ ಮೇಲೆ ಅಟ್ಟಣೆ ಕಟ್ಟಿ ತಗಡು ಬಾರಿಸುವ ಉಪಾಯವನ್ನು ಅವರಿಗೆ ತೋರಿಸಿಕೊಟ್ಟವರಲ್ಲಿ ತಾನೂ ಒಬ್ಬನೆಂದು ಹೇಳಿಕೊಳ್ಳುತ್ತಿದ್ದ. ಭಾಷೆ ಬಾರದು, ಕೈಸನ್ನೆಯೇ ಮಾತು. "ಆನೆಗೆ ನಮ್ಮವರು ಯಾರು, ಅವರು ಯಾರು ಅಂತ ಭೇದ ಉಂಟೇನೋ?" ಎಂದು ನಗುತ್ತಿದ್ದ. ಹಗಲು ಗೊಣಗಿದವನು ರಾತ್ರಿ ಅಟ್ಟಣೆಯ ಮೇಲೆ ಜೊತೆಗೆ ಕುಳಿತ. ನೆರೆಹೊರೆ ಎಂಬುದು ಹೀಗೆ ಹುಟ್ಟುತ್ತದೆಯೇ ಹೊರತು ಸರಕಾರದ ಆಜ್ಞೆಯಿಂದ ಹುಟ್ಟುವುದಿಲ್ಲ.

ಈಗ ನನಗೆ ಮುಖ್ಯವೆನಿಸುವ ಸಂಗತಿಗೆ ಬರುತ್ತೇನೆ. ಬೈಲಕುಪ್ಪೆಯಲ್ಲಿ ಕೊಟ್ಟದ್ದು ಸೂರಿನ ಜೊತೆಗೆ ದುಡಿಮೆಯನ್ನು. ಅದನ್ನೂ ಬಿಡಿಬಿಡಿಯಾಗಿ ಚದುರಿಸಿ ಕೊಡದೆ, ಊರಿಗೆ ಊರೇ ಒಟ್ಟಿಗೆ ಇರುವಂತೆ ಕೊಟ್ಟರು. ಇದರ ಬೆಲೆ ತಿಳಿಯಬೇಕಾದರೆ ಈ ಕಾಲದ ಸಿರಿವಂತ ದೇಶಗಳ ಕಡೆಗೆ ನೋಡಬೇಕು. ಬ್ರಿಟನ್ನಿನಲ್ಲಿ 1999ರ ಕಾಯಿದೆಯ ಅಡಿಯಲ್ಲಿ, ಆಶ್ರಯ ಬೇಡಿ ಬಂದ ನಿರ್ಗತಿಕನಿಗೆ ಸರಕಾರ ವಸತಿ ಒದಗಿಸುತ್ತ ಬಂದಿತು. ಅರ್ಜಿಗಳು ರಾಶಿ ಬಿದ್ದು ಮನೆಗಳು ಸಾಲದೆ ಹೋದಾಗ ಸರಕಾರ ಹೋಟೆಲುಗಳನ್ನು ಹಿಡಿಯಿತು. 2023ರಲ್ಲಿ ಡಾರ್ಸೆಟ್ ತೀರದ ಪೋರ್ಟ್‌ಲ್ಯಾಂಡ್ ಬಂದರಿನಲ್ಲಿ 'ಬಿಬ್ಬಿ ಸ್ಟಾಕ್‌ಹೋಮ್' ಎಂಬ ತೇಲುವ ವಸತಿಯನ್ನು ಕಟ್ಟಿ ನಿಲ್ಲಿಸಿ ಅದರೊಳಗೆ ಜನರನ್ನು ಇರಿಸಿತು. ಕೆಲವೇ ದಿನಗಳಲ್ಲಿ ನೀರಿನಲ್ಲಿ ರೋಗಾಣು ಕಂಡುಬಂದು ಎಲ್ಲರನ್ನೂ ಇಳಿಸಬೇಕಾಯಿತು, ಮತ್ತೆ ಹತ್ತಿಸಿದರು, 2024ರ ಕೊನೆಯ ಹೊತ್ತಿಗೆ ಅದು ಬರಿದಾಯಿತು. ಹಾಸಿಗೆಯೇನೋ ಉಂಟು, ಊಟವೂ ಉಂಟು. ಆದರೆ ಅರ್ಜಿ ತೀರ್ಮಾನವಾಗುವವರೆಗೆ, ಮೊದಲ ಒಂದು ವರ್ಷವಂತೂ, ಅವನು ಕೂಲಿಗೆ ಹೋಗುವಂತಿಲ್ಲ. ಹೊರಗಿನ ಜನ "ಕೂತು ಉಣ್ಣುತ್ತಾನೆ" ಎಂದು ಹಳಿಯುತ್ತಾರೆ. ಒಳಗಿರುವವನು ಕಿಟಕಿಯಿಂದ ಬೀದಿಯನ್ನು ನೋಡುತ್ತ ತಿಂಗಳುಗಳನ್ನು ಎಣಿಸುತ್ತಾನೆ. ಹೋಟೆಲಿಗಿಂತ ಡೇರೆ ಮೇಲೆಂದು ನಾನು ಹೇಳಲಾರೆ. ಆದರೆ ಕೈಗೆ ಗುದ್ದಲಿ ಕೊಟ್ಟವನು, ತಟ್ಟೆಗೆ ಅನ್ನ ಮಾತ್ರ ಬಡಿಸಿದವನಿಗಿಂತ ಅತಿಥಿಯ ಮಾನವನ್ನು ಹೆಚ್ಚಾಗಿ ಕಾಯ್ದನೆಂದು ನನ್ನ ನಂಬಿಕೆ.

ಕೊಟ್ಟದ್ದು ಕೆಲವೊಮ್ಮೆ ಬೇರೆ ದಾರಿಯಿಂದ ಮರಳಿ ಬರುವುದೂ ಉಂಟು. ಟಿಬೆಟಿನವರ ಪುನರ್ವಸತಿಗೆ ನೆರವಾಗುವುದಕ್ಕಾಗಿ 1968ರಲ್ಲಿ ನಮ್ಮ ರಾಜ್ಯದಲ್ಲಿ 'ಮೈಸೂರು ರೀಸೆಟಲ್‌ಮೆಂಟ್ ಅಂಡ್ ಡೆವಲಪ್‌ಮೆಂಟ್ ಏಜೆನ್ಸಿ' ಎಂಬ ಸಂಸ್ಥೆ ಹುಟ್ಟಿತು. ಅದರ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳೇ ಸೇರಿ ಹಳ್ಳಿಗರ ಬಾಯಲ್ಲಿ 'ಮೈರಾಡ' ಆಯಿತು. ಆ ಕೆಲಸ ಒಂದು ಘಟ್ಟಕ್ಕೆ ಬಂದ ಮೇಲೆ ಸಂಸ್ಥೆ ನಮ್ಮದೇ ಬಡ ಹಳ್ಳಿಗಳ ಕಡೆಗೆ ತಿರುಗಿತು. 1980ರ ದಶಕದಲ್ಲಿ ಅದು ಬೆಳೆಸಿದ ಸಣ್ಣ ಉಳಿತಾಯದ ಗುಂಪುಗಳೇ, ಇಂದು ಊರೂರಿನಲ್ಲಿ ಕಾಣುವ ಸ್ವಸಹಾಯ ಸಂಘಗಳ ಮೂಲಬೀಜಗಳಲ್ಲಿ ಒಂದು. 1992ರಲ್ಲಿ ನಬಾರ್ಡ್ ಇಂಥ ಸಂಘಗಳನ್ನು ಬ್ಯಾಂಕುಗಳೊಡನೆ ಬೆಸೆಯುವ ಯೋಜನೆಯನ್ನು ಕೈಗೊಂಡಾಗ ಆ ಅನುಭವ ಒದಗಿಬಂದಿತು. ನಮ್ಮೂರಿನ ಒಂದು ಸಂಘದಿಂದ ಸಾಲ ಪಡೆದು ನನ್ನ ತಾಯಿ ಒಂದು ಹಸುವನ್ನು ಕೊಂಡಳು. ಅದರ ಹಾಲು ನನ್ನ ಎಂ.ಎ. ಓದಿಗೆ ಒದಗಿತು. ಅಜ್ಜ ಕಳೆದುಕೊಂಡ ದನದ ಲೆಕ್ಕ ಇದರಿಂದ ಚುಕ್ತಾ ಆಯಿತೆಂದು ನಾನು ಹೇಳಲಾರೆ. ಲೆಕ್ಕಗಳು ಅಷ್ಟು ಸುಲಭವಾಗಿ ತೀರುವುದಿಲ್ಲ. ನಾಗರಹೊಳೆಯ ಕಾಡಿನಿಂದ ಹೊರಬೀಳಬೇಕಾದ ಜೇನುಕುರುಬರಲ್ಲಿ ಎಷ್ಟೋ ಕುಟುಂಬಗಳು ನೆಲವೂ ಇಲ್ಲದೆ, ನೆಲೆಯೂ ಇಲ್ಲದೆ ಕಾಫಿ ತೋಟಗಳ ಲೈನುಮನೆಗಳಲ್ಲಿ ಕಾಲ ನೂಕಿದುದನ್ನು ಅದೇ ಹುಣಸೂರು, ಪಿರಿಯಾಪಟ್ಟಣಗಳ ಸೀಮೆ ಕಂಡಿದೆ. ಪರದೇಶದವರಿಗೆ ಮಾಡಿದ ಉಪಕಾರ ತಪ್ಪೆಂದು ಇದರ ಅರ್ಥವಲ್ಲ. ಹೀಗೆ ಮಾಡುವುದು ನಮ್ಮಿಂದ ಸಾಧ್ಯವಿದ್ದಿತು. ನಮ್ಮವರಿಗೆ ಮಾತ್ರ ಮಾಡಲಿಲ್ಲ ಎಂಬುದೇ ಚುಚ್ಚುವ ಸಂಗತಿ.

ಇನ್ನು ಆ 'ಖಾಯಂ' ಎಂಬ ಪದದ ವಿಚಾರ. ನಿರಾಶ್ರಿತರನ್ನು ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆದುದರಿಂದ ಬೈಲಕುಪ್ಪೆಯ ಈ ಎಲ್ಲ ವ್ಯವಸ್ಥೆಗೂ ಆಧಾರ ಸರಕಾರದ ಔದಾರ್ಯ, ಆಜ್ಞೆ, ಸುತ್ತೋಲೆ. ಇಲ್ಲಿ ನೆಲೆಸಿದ ಟಿಬೆಟಿನವನು ಕಾನೂನಿನ ಕಣ್ಣಿಗೆ ವಿದೇಶೀಯ. ನೋಂದಣಿಯ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳುತ್ತಲೇ ಇರಬೇಕು. ಉಳುವ ಭೂಮಿ ಗುತ್ತಿಗೆಯದು. ಆ ಗುತ್ತಿಗೆಗೆ ದೇಶದಾದ್ಯಂತ ಒಂದೇ ಬಗೆಯ ಕ್ರಮವಿರಲೆಂದು ಕೇಂದ್ರ ಸರಕಾರ ನೀತಿಯೊಂದನ್ನು ರೂಪಿಸಿದ್ದು 2014ರಲ್ಲಿ, ಮೊದಲ ಮರ ಉರುಳಿದ ಅರ್ಧ ಶತಮಾನದ ಅನಂತರ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರೆಂದು ನಮ್ಮ ಪೌರತ್ವದ ಕಾಯಿದೆ ಹೇಳುತ್ತದೆ. ಅದು ಟಿಬೆಟಿನವರಿಗೂ ಸಲ್ಲುತ್ತದೆಂದು ದೆಹಲಿಯ ಉಚ್ಚ ನ್ಯಾಯಾಲಯ 2010ರಲ್ಲಿಯೂ ಕರ್ನಾಟಕದ ಉಚ್ಚ ನ್ಯಾಯಾಲಯ 2013ರಲ್ಲಿಯೂ ತೀರ್ಪಿತ್ತವು. ಬಾಗಿಲು ಸ್ವಲ್ಪ ತೆರೆಯಿತು. ಆದರೆ ಅದನ್ನು ದಾಟಲು ಹಲವರು ಹಿಂಜರಿದರು. ಇಲ್ಲಿಯ ಪೌರರಾಗುವುದೆಂದರೆ, ಮರಳಿ ಹೋಗುವ ಆಸೆಯನ್ನು ನಮ್ಮ ಕೈಯಾರೆ ಹೂಳಿದಂತಲ್ಲವೆ ಎಂಬ ಸಂಕಟ ಅವರದು. ಸರಕಾರವೂ 'ಖಾಯಂ' ಎನ್ನಲು ಅನುಮಾನಿಸುತ್ತದೆ, ಅವರೂ ಅನುಮಾನಿಸುತ್ತಾರೆ. ನಡುವೆ ಕೂತ ಮೇಷ್ಟರೊಬ್ಬನೇ ಧೈರ್ಯವಾಗಿ 'ಮೇಲಿನಂತೆ' ಎಂದು ಬರೆದುಬಿಟ್ಟ!

ಆ ಹುಡುಗಿ ನನ್ನ ತರಗತಿಯಲ್ಲಿಯೇ ಕುಳಿತಳು. ಆ ವರ್ಷ ಪಂಪ ಬನವಾಸಿಯನ್ನು ಹಂಬಲಿಸಿದ ಭಾಗ ಪಾಠಕ್ಕಿದ್ದಿತು. ನಾನು ಉತ್ಸಾಹದಿಂದ ಪಾಠ ಮಾಡಿ, ಮುಗಿಸುವಾಗ, ಅವರವರ ಊರನ್ನು ಕುರಿತು ಎರಡು ಪುಟ ಬರೆದು ತರಬೇಕೆಂದು ಹೇಳಿದೆ. ಆಕೆ ಎದ್ದು ನಿಂತು, "ಪಂಪ ತಾನು ಕಂಡ ಊರನ್ನು ನೆನೆದ ಸಾರ್. ಕಾಣದೇ ಇರೋ ಊರನ್ನ ನೆನೆಯೋದಕ್ಕೆ ಆಗುತ್ತಾ?" ಎಂದು ಕೇಳಿದಳು. ತರಗತಿ ನಿಶ್ಶಬ್ದವಾಯಿತು. ನಿನಗೆ ತೋಚಿದಂತೆ ಬರೆ ಎಂದು ತಪ್ಪಿಸಿಕೊಂಡೆ.

ಆಕೆ ಬರೆದದ್ದು ಒಂದು ಹಲಸಿನ ಮರದ ವಿಷಯ. ಅವಳ ತಾತ ಮೊದಲ ವರ್ಷಗಳಲ್ಲಿ ಬಂದು ಕಾಡು ಕಡಿದವನು. ಪಕ್ಕದ ಹಳ್ಳಿಯವರು ಯಾರೋ ಅವನಿಗೊಂದು ಹಲಸಿನ ಸಸಿಯನ್ನು ತಂದುಕೊಟ್ಟರಂತೆ. ಅವನು ಅದನ್ನು ನೆಡಲಿಲ್ಲ. ಇದು ಫಲ ಕೊಡುವ ಹೊತ್ತಿಗೆ ನಾವು ಇಲ್ಲಿರುವುದಿಲ್ಲ, ನಮ್ಮ ದೇಶದಲ್ಲಿರುತ್ತೇವೆ ಎಂದನಂತೆ. ಬದುಕಿರುವತನಕ ಅವನು ಬಿತ್ತಿದ್ದು ನಾಲ್ಕು ತಿಂಗಳಲ್ಲಿ ಕೊಯ್ಯುವ ಜೋಳವನ್ನು ಮಾತ್ರ. ಅವನು ತೀರಿಕೊಂಡ ವರ್ಷ ಅವಳ ತಂದೆ ಹಿತ್ತಿಲಿನಲ್ಲಿ ಒಂದು ಹಲಸನ್ನು ನೆಟ್ಟ. ನೆಟ್ಟು ಬಂದವನು ಆ ರಾತ್ರಿ ಊಟ ಮಾಡಲಿಲ್ಲ ಎಂದು ಅವಳ ಅಜ್ಜಿ ಹೇಳುತ್ತಿದ್ದಳಂತೆ. ಲೇಖನ ಅಲ್ಲಿಗೇ ನಿಂತಿದ್ದಿತು. ಎರಡು ಪುಟ ತುಂಬಿರಲಿಲ್ಲ. ನಾನು ಅಂಕ ಕತ್ತರಿಸಲಿಲ್ಲ.

ಮರುವರ್ಷದ ಬೇಸಗೆಯ ರಜೆಯಲ್ಲಿ ಆ ಮನೆಗೆ ಹೋಗಿದ್ದೆ. ಮಂಗಳೂರು ಹೆಂಚಿನ ತಗ್ಗಾದ ಮನೆ. ಗೋಡೆಯ ಮೇಲೆ ದಲಾಯಿ ಲಾಮಾ ಅವರ ಪಟ. ಮೂಲೆಯಲ್ಲಿ ಚಳಿಗಾಲಕ್ಕೆ ಮಾರಲು ಕೊಂಡೊಯ್ದು ಉಳಿದ ಸ್ವೆಟರುಗಳ ಗಂಟು. ಉಪ್ಪು ಬೆಣ್ಣೆ ಹಾಕಿದ ಚಹಾ ನನಗೆ ಗಂಟಲಲ್ಲಿಳಿಯದೆ ಹೋದುದನ್ನು ಕಂಡು ಹುಡುಗಿ ನಕ್ಕು ಕಾಫಿ ಮಾಡಿತಂದಳು. ಅವಳ ತಂದೆ ಕ್ಯಾಂಪಿನ ಯುವಕರು ಒಬ್ಬೊಬ್ಬರಾಗಿ ಪರದೇಶಗಳಿಗೆ ಹೋಗುತ್ತಿರುವುದನ್ನು ಹೇಳಿದ. ಕೆಲವು ಮನೆಗಳಿಗೆ ಬೀಗ ಬಿದ್ದಿದ್ದಿತು. ಮಗಳೂ ಹೋಗುವಳೇ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅರ್ಜಿಯಲ್ಲಿ ನಾನು ಬರೆದ ಪದದ ವಿಷಯವನ್ನು ಹೇಳಿ ಕ್ಷಮೆ ಕೇಳಬೇಕೆಂದು ಹೊರಟವನು, ಅದನ್ನೂ ಹೇಳದೆಯೇ ಎದ್ದೆ.

ಹಿತ್ತಿಲಿನ ಮರದಲ್ಲಿ ಕಾಂಡಕ್ಕೆ ಜೋತುಬಿದ್ದಂತೆ ಹಣ್ಣುಗಳಿದ್ದವು. ಅವನು ಒಂದನ್ನು ತಟ್ಟಿ ನೋಡಿ, ಕೊಯ್ದು, ಗೋಣಿಯ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟ. ಬಸ್ಸಿನ ತುಂಬ ಅದರ ಪರಿಮಳ ಹರಡಿತು. ಚೀಟಿ ಹರಿಯುತ್ತ ಬಂದ ಕಂಡಕ್ಟರ್ ಮೂಗರಳಿಸಿ, "ಒಳ್ಳೆ ಹಣ್ಣು ಸಾರ್, ಎಲ್ಲೀದು?" ಎಂದ.

ಒಂದು ಕ್ಷಣ ಯೋಚಿಸಿ, "ಇಲ್ಲೀದೇ, ನಮ್ಮ ಪಕ್ಕದೂರಿನವರ ಮನೇದು" ಎಂದೆ.